ಗಂಗವ್ವನ ಮೀಸೆ

ಹೋದ ತಿಂಗಳು ನನ್ನ ತಂಗಿಯ ಮಗಳು ಸವಿತಾ ಗದಗಿನ ತನ್ನ ಅಂಗಡಿಯಿಂದ ಫೋನ್ ಮಾಡಿದಳು. "ದೊಡ್ಡವ್ವಾ, ನಿನ್ನ ಹಳೇ ಗಿರಾಕಿ ಹರ್ತಿ ನಿಂಗಪ್ಪ ಬಂದಾನ. ಮೀಸಿ ಮಾಸ್ಯಾವು, ಮತ್ತ ಕಪ್ಪ ಮಾಡು ಅಂತ ಹೇಳಿ ಚಾ ಕುಡ್ಯಾಕ ಹೋಗ್ಯಾನ. ಎರಡೂ ತೋಳಿನ್ಯಾಗ ಒಂದ ಮಾರಿ ಐತಲ್ಲ, ಎರಡಕ್ಕೂ ಮೀಸಿ ಹಾಕ್ಲೇನು?"

"ಮಷೀನ್ ಬಂದ್ ಮಾಡು!" ಎಂದು ಕಿರುಚಿ, ಎಡಗಾಲಿಗೆ ನನ್ನ ಚಪ್ಪಲಿ, ಬಲಗಾಲಿಗೆ ನನ್ನ ಗಂಡನದು ಹಾಕಿಕೊಂಡು ಆಟೋ ಹತ್ತಿದೆ. ಅವತ್ತೇನೋ ಅನಾಹುತ ತಪ್ಪಿತು. ಆದರೆ ನಾನು ಕೆಲಸ ಬಿಟ್ಟು ವರ್ಷಗಳಾದವು, ಕೈ ನಡುಗುತ್ತದೆ, ಕಣ್ಣು ಮಂಜಾಗಿದೆ. ಆ ಮೀಸೆ ಇನ್ನೊಮ್ಮೆ ಮಾಸಿದಾಗ ಆಟೋ ಹತ್ತಲು ನಾನು ಇರುತ್ತೇನೋ ಇಲ್ಲವೋ. ಅದಕ್ಕೇ ಬರೆದಿಡುತ್ತಿದ್ದೇನೆ. ಹಚ್ಚೆಯ ಕೆಲಸಕ್ಕೆ ಹೊಸದಾಗಿ ಬರುವವರೂ ಓದಿಕೊಳ್ಳಲಿ. ಗೆರೆ ಎಳೆಯುವುದನ್ನು ಯಾರಾದರೂ ಆರು ತಿಂಗಳಲ್ಲಿ ಕಲಿಯಬಹುದು. ಗೆರೆಯ ಒಳಗೆ ನೆರಳು ತುಂಬುವುದಿದೆಯಲ್ಲ, ಮರ್ಯಾದೆ ಹೋಗುವುದು ಅಲ್ಲಿ. ನನ್ನದು ಬೆಟಗೇರಿಯಲ್ಲಿ ಹಾಡಹಗಲೇ ಹೋಯಿತು. ನಿಂಗಪ್ಪನೆಂಬ ಸಂಭಾವಿತ ಮನುಷ್ಯನ ತೀರಿಹೋದ ತಾಯಿಗೆ ನಾನು ಮೀಸೆ ಬರಿಸಿದೆ.

ನನ್ನ ಹೆಸರು ರುದ್ರವ್ವ. ನನ್ನ ತಾಯಿ ಶಿರಹಟ್ಟಿ, ಮುಂಡರಗಿಯ ಸಂತೆಗಳಲ್ಲಿ ಗೋಣಿಚೀಲ ಹಾಸಿ ಕೂತು ಹೆಣ್ಣುಮಕ್ಕಳಿಗೆ ಹಚ್ಚೆ ಹಾಕುತ್ತಿದ್ದಳು. ಮೂರು ಸೂಜಿಯನ್ನು ದಾರದಲ್ಲಿ ಬಿಗಿದು, ಕಾಡಿಗೆಯಲ್ಲಿ ಅದ್ದಿ, ಚುಕ್ಕಿ ಚುಕ್ಕಿಯಾಗಿ ಚುಚ್ಚಿ ಚೇಳು, ತುಳಸಿಕಟ್ಟೆ, ಗಂಡನ ಹೆಸರು ಮಾಡುವುದು. ಅವಳ ಕೆಲಸದಲ್ಲಿ ನೆರಳೆಂಬುದೇ ಇರಲಿಲ್ಲ. ನಾನು ಮಷೀನಿನ ಅಂಗಡಿಗೆ ಸೇರುತ್ತೇನೆಂದಾಗ ಅವಳು, "ಗೆರಿ ಇದ್ರ ಇರ್ತೈತಿ, ಇಲ್ಲಂದ್ರ ಇಲ್ಲ. ಈ ನೆರಳ ಅಂದ್ರೇನ? ಇದ್ದೂ ಇಲ್ಲದಂಗ ಇರೂದು? ಅಂಥಾದ್ನ ಮಂದಿ ಯಾಕ ಚುಚ್ಚಿಸ್ಕೋತಾರ?" ಎಂದು ಕೇಳಿದಳು. ನಾನು ಹೋಗಿ ಸೇರಿಯೇಬಿಟ್ಟೆ.

ಅಂಗಡಿ ಗೌಸಸಾಬರದು. ಎಲ್ಲರೂ ಅವರನ್ನು ಮಾಸ್ತರ ಅನ್ನುತ್ತಿದ್ದರು. ಮೊದಲು ಬೋರ್ಡು ಬರೆಯುತ್ತಿದ್ದವರು. ಗದಗ ಹೊಸ ಜಿಲ್ಲೆಯಾದಾಗ ಕಚೇರಿಗಳ ಬೋರ್ಡು ಬರೆದೂ ಬರೆದೂ ಬೇಸತ್ತು, ಕೊಲ್ಹಾಪುರದಿಂದ ಹಚ್ಚೆ ಮಷೀನು ತಂದು ಬೆಟಗೇರಿಯಲ್ಲಿ ಅಂಗಡಿ ಇಟ್ಟರು. ಮುಖದ ಮೇಲೆ ಬೆಳಕು ಎಲ್ಲಿ ಬೀಳುತ್ತದೆ, ನೆರಳು ಎಲ್ಲಿ ಕೂರುತ್ತದೆ ಎಂದು ಅವರಷ್ಟು ತಿಳಿದವರನ್ನು ನಾನು ಕಂಡಿಲ್ಲ. ತೊಂದರೆ ಒಂದೇ, ಅವರಿಗೆ ರಕ್ತ ನೋಡಲು ಆಗುತ್ತಿರಲಿಲ್ಲ. ಮೊದಲ ಗಿರಾಕಿಯ ತೋಳಿನಲ್ಲಿ ಸಾಸಿವೆ ಕಾಳಿನಷ್ಟು ರಕ್ತ ಕಂಡದ್ದೇ ಅವನ ಮಡಿಲಿಗೇ ಬಿದ್ದರಂತೆ. ಹೀಗಾಗಿ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡರು. ನಾನು ಚುಚ್ಚುತ್ತಿದ್ದೆ. ಅವರು ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ ಕೂತು ಮಷೀನಿನ ಸದ್ದು ಕೇಳಿಯೇ ತಿದ್ದುತ್ತಿದ್ದರು.

"ರುದ್ರವ್ವಾ, ಸದ್ದು ದಪ್ಪ ಆತು. ಸೂಜಿ ಆಳಕ್ಕ ಇಳದೈತಿ, ಎತ್ತು. ಹಾಂ, ಈಗ ಕಸಾ ಗುಡಿಸಿದಂಗ ಮಣಿಕಟ್ಟು ಹೊಳ್ಳಸು. ತುದಿಗೆ ಬಂದಾಗ ಹಗೂರಕ ಬಿಟ್ಬಿಡು."

ಹೊಸ ಗಿರಾಕಿಗಳು ಇವರನ್ನು ಯಾಕೆ ಶಿಕ್ಷೆಗೆ ಕೂರಿಸಿದ್ದೀರಿ ಎಂದು ನನ್ನನ್ನು ಪಿಸುಮಾತಿನಲ್ಲಿ ಕೇಳುತ್ತಿದ್ದರು.

ಆದರೆ ಅವರ ಪಾಠ ಅಪ್ಪಟ. ಮೂರು ಬಟ್ಟಲು ಇಟ್ಟುಕೊಳ್ಳಬೇಕು. ಒಂದರಲ್ಲಿ ಅಚ್ಚ ಕಪ್ಪು, ಒಂದರಲ್ಲಿ ಅರ್ಧ ನೀರು ಬೆರೆಸಿದ್ದು, ಮೂರನೆಯದರಲ್ಲಿ ಬಣ್ಣ ಇದೆಯೋ ಇಲ್ಲವೋ ಅನ್ನುವಂಥ ತಿಳಿ. ಯಾವಾಗಲೂ ತಿಳಿಯಿಂದ ಶುರು ಮಾಡಬೇಕು. ಕಪ್ಪು ಬೇಕಾದರೆ ನಾಳೆಯೂ ಮಾಡಬಹುದು, ಕಪ್ಪಾದದ್ದನ್ನು ತಿಳಿ ಮಾಡಲು ಆಗ ನಮ್ಮ ಕಡೆ ಯಾರಿಂದಲೂ ಆಗುತ್ತಿರಲಿಲ್ಲ. ಎಡಗೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ಹಸಿ ಇದ್ದಾಗ ನೆರಳು ಕಪ್ಪಾಗಿ ಕಾಣುತ್ತದೆ, ಹಕ್ಕಳೆ ಉದುರಿದ ಮೇಲೆ ಚರ್ಮ ಅದರಲ್ಲಿ ಒಂದು ಪಾಲನ್ನು ತಿಂದಿರುತ್ತದೆ. ಒಬ್ಬರಿಗೆ ಮುಟ್ಟಿಸಿದ ಸೂಜಿ ಇನ್ನೊಬ್ಬರಿಗೆ ಮುಟ್ಟಿಸಕೂಡದು. ಈ ಕೊನೆಯ ಮಾತನ್ನು ಮಾತ್ರ ಮಾಸ್ತರು ಗೋಡೆ ಬಿಟ್ಟು ನನ್ನ ಕಡೆ ತಿರುಗಿ ಹೇಳಿದ್ದರು.

ನಾನು ಕಲಿತದ್ದು ಸೋರೆಕಾಯಿಯ ಮೇಲೆ. ಅದರ ಸಿಪ್ಪೆ ಒಳ್ಳೆಯ ಚರ್ಮದ ಹಾಗೆ ನುಣ್ಣಗೆ ಇರುತ್ತದೆ. ಒಂದು ಕಾಯಿಯ ಮೇಲೆ ಮನುಷ್ಯನ ಕಣ್ಣು ತೆಗೆದು, ರೆಪ್ಪೆಯ ಕೆಳಗೆ ಮೂರು ಪದರ ನೆರಳು ಕೊಟ್ಟು, ಹೆಮ್ಮೆಯಿಂದ ಮನೆಗೆ ಒಯ್ದೆ. ಅಡಿಗೆಗೆ ತಂದ ಕಾಯಿ ಎಂದುಕೊಂಡು ಪಲ್ಯಕ್ಕೆ ಹೆಚ್ಚಲು ಕೂತ ನನ್ನ ಗಂಡ ಈಳಿಗೆ ಬಿಟ್ಟು ಎದ್ದು ಬಂದ. "ನಾ ಹೆಚ್ಚಂಗಿಲ್ಲ. ಅದು ನನ್ನ ಕಡೆನ ನೋಡಾಕತ್ತೈತಿ," ಅಂದ. ನೆರಳು ಸರಿಯಾಗಿ ಬಿದ್ದಿದೆ ಎಂದು ನನಗೆ ಗೊತ್ತಾದದ್ದು ಆವಾಗ. ಆದರೆ ಸೋರೆಕಾಯಿ ಅಲುಗುವುದಿಲ್ಲ, ಉಸಿರಾಡುವುದಿಲ್ಲ. ಮುಂಡರಗಿಯ ಪೈಲವಾನನೊಬ್ಬ ಎದೆಯ ಮೇಲೆ ಹುಲಿಯ ಮುಖ ಬೇಕೆಂದು ಬಂದು, ಮೂರು ತಾಸೂ ಎದೆ ಉಬ್ಬಿಸಿಕೊಂಡೇ ಕೂತ. ನಾನೂ ಉಬ್ಬಿದ ಎದೆಗೇ ನೆರಳು ಕೊಟ್ಟೆ. ಕೆಲಸ ಮುಗಿದು ಅವನು ಹುಸ್ಸೆಂದು ಉಸಿರು ಬಿಟ್ಟಾಗ ಹುಲಿಯ ಕೆನ್ನೆ ಇಳಿಬಿದ್ದು, ಊಟಕ್ಕೆ ಕರೆಯದೆ ಬಿಟ್ಟ ಬೀಗರ ಹಾಗೆ ಮುಖ ಮಾಡಿತು. ಅವನು ಊರಲ್ಲಿ ಎಲ್ಲಿ ಹೋದರೂ ಉಸಿರು ಬಿಗಿಹಿಡಿದೇ ಅಡ್ಡಾಡುತ್ತಾನೆಂದು ಆಮೇಲೆ ಖಬರು ಬಂತು.

ಆ ವರ್ಷ ಕಾರಹುಣ್ಣಿಮೆಯ ಮರುದಿನ ಹರ್ತಿ ಊರಿನಿಂದ ನಿಂಗಪ್ಪ ಬಂದ. ನಲವತ್ತರ ಒಳಗಿನ, ಎತ್ತರದ, ಮಾತು ಕಡಿಮೆಯ ರೈತ. ಅವನ ತಾಯಿ ಗಂಗವ್ವ ಬೇಸಿಗೆಯಲ್ಲಿ ತೀರಿಕೊಂಡಿದ್ದಳು. ಮಣ್ಣು ಮಾಡುವ ಹೊತ್ತಿಗೆ ಲಕ್ಷ್ಮೇಶ್ವರದಲ್ಲಿದ್ದ ಅವನ ಅತ್ತೆ, ಅಂದರೆ ಅವನ ತಂದೆಯ ತಂಗಿ ಶಾಂತವ್ವ, ಕಾಲು ಮುರಿದುಕೊಂಡು ಮಲಗಿದ್ದಳು. ಗಂಗವ್ವನ ಮುಖವನ್ನು ಕಡೇ ಸಲ ನೋಡಲಿಲ್ಲವಲ್ಲ ಎಂದು ಅವಳು ಅತ್ತದ್ದೇ ಅತ್ತದ್ದು.

"ನಾಗರ ಪಂಚಮಿಗೆ ಅತ್ತಿ ಹರ್ತಿಗೆ ಬರ್ತಾಳ್ರಿ," ಅಂದ ನಿಂಗಪ್ಪ. "ಅಷ್ಟರಾಗ ತೋಳ ಮ್ಯಾಲೆ ಅವ್ವ ಆಗ್ಬೇಕು. ಮಾರಿ ತೋರಸ್ತೀನಂತ ಮಾತ ಕೊಟ್ಟೀನಿ."

"ಫೋಟೋನ ತೋರಸ್ಬಹುದಲ್ಲಪ್ಪಾ?" ಎಂದೆ.

"ತೋರಸೀನ್ರಿ. ಇದರಾಗ ಶಿಕ್ಕಾನ ಕಾಣತೈತಿ, ಗಂಗವ್ವ ಎಲ್ಲದಾಳ ಅಂದ್ಲು."

ಅದು ಹೆಬ್ಬೆರಳಿನಷ್ಟು ಫೋಟೋ. ಹೊಸ ಜಿಲ್ಲೆಯಾದ ಮೇಲೆ ಯಾವ ಕಾಗದಕ್ಕೂ ಫೋಟೋ, ಫೋಟೋಕ್ಕೆ ಶಿಕ್ಕಾ, ಅಂದರೆ ಕಚೇರಿಯ ಮೊಹರು, ಬೇಕಾಗಿತ್ತು. ವಿಧವೆಯರ ಪಗಾರಕ್ಕೆಂದು ಗಂಗವ್ವ ಜೀವಮಾನದಲ್ಲಿ ಒಂದೇ ಸಲ ಸ್ಟುಡಿಯೋಕ್ಕೆ ಹೋಗಿ ತೆಗೆಸಿದ್ದು. ಹರ್ತಿ ಬಸ್ಸು ತಪ್ಪೀತೆಂದು ಅವಳು ಕ್ಯಾಮೆರಾದ ಕಡೆ ನೋಡದೆ ತನ್ನ ಎಡಕ್ಕಿದ್ದ ಬಾಗಿಲ ಕಡೆ ಕಣ್ಣು ಹಾಯಿಸಿದ್ದಳು. ಅದರ ಮೇಲೆ ಯಾರೋ ಸಾಹೇಬರು ನೇರಳೆ ಬಣ್ಣದ ದುಂಡನೆಯ ಶಿಕ್ಕಾವನ್ನು ಕೆನ್ನೆಯಿಂದ ತುಟಿಯ ಮೇಲೆ ಹಾಯ್ದು ಹೋಗುವ ಹಾಗೆ ಒತ್ತಿದ್ದರು.

ಆಗಿನ ನಮ್ಮ ಪದ್ಧತಿಯೆಂದರೆ ಫೋಟೋವನ್ನು ಝೆರಾಕ್ಸ್‌ನಲ್ಲಿ ದೊಡ್ಡದು ಮಾಡಿಸಿ, ಅದರ ಮೇಲಿನಿಂದ ಗೆರೆ, ನೆರಳು ಎಲ್ಲವನ್ನೂ ತೋಳಿಗೆ ಇಳಿಸಿಕೊಳ್ಳುವುದು. ನಿಂಗಪ್ಪ ಫೋಟೋವನ್ನು ಝೆರಾಕ್ಸ್ ಆದ ಕೂಡಲೇ ಜೇಬಿಗೆ ಹಾಕಿಕೊಂಡ. ಝೆರಾಕ್ಸಿನಲ್ಲಿ ನೇರಳೆ ಬಣ್ಣವೂ ಕಪ್ಪೇ, ನೆರಳೂ ಕಪ್ಪೇ. ನಾನು ಜಾಣೆ, ಕೆನ್ನೆಯ ಮೇಲಿನ ಕಪ್ಪು ಕಮಾನು ಶಿಕ್ಕಾದ್ದೆಂದು ಗುರುತಿಸಿ ಬಿಟ್ಟೆ. ತುಟಿಯ ಮೇಲಿನ ಕಪ್ಪನ್ನು ಮಾತ್ರ ಮೂಗಿನ ನೆರಳೆಂದು ತಿಳಿದು ಎರಡನೇ ಬಟ್ಟಲಿನಿಂದ ತುಂಬಿದೆ. ತುಂಬುವಾಗ ಮಾಸ್ತರು ಗೋಡೆಗೆ ತಲೆದೂಗುತ್ತ, "ಸದ್ದು ಭಾಳ ಚಲೋ ಬರಾಕತ್ತೈತಿ," ಅಂದರು.

ಒರೆಸಿ ಕನ್ನಡಿ ಹಿಡಿದೆ. ನಿಂಗಪ್ಪ ಕನ್ನಡಿಯಲ್ಲಿ ನೋಡಿದ. ಕನ್ನಡಿ ಸರಿಸಿ ತೋಳನ್ನೇ ನೋಡಿದ.

"ಅಕ್ಕಾರ, ನಮ್ಮವ್ವಗ ಮೀಸಿ ಬಂದಾವಲ್ರಿ."

"ಬಾವು ಐತಪ್ಪಾ. ಇಳದ್ರ ಹೋಗ್ತೈತಿ."

"ಬಾವು ಬರೇ ಮೂಗಿನ ಕೆಳಗಷ್ಟ ಬರ್ತೈತೇನ್ರಿ?"

"ಮೂಗ ಎತ್ತರಿದ್ರ ನೆರಳ ಬೀಳೂದ ತಮ್ಮಾ," ಎಂದರು ಮಾಸ್ತರು, ಗೋಡೆಯ ಕಡೆಯಿಂದ. ಅವರು ಇನ್ನೂ ನೋಡಿಯೇ ಇರಲಿಲ್ಲ.

ಹಕ್ಕಳೆ ಉದುರಿತು. ಚರ್ಮ ತನ್ನ ಪಾಲನ್ನು ತಿಂದಿತು. ಮೀಸೆಯನ್ನು ಮಾತ್ರ ಬಿಟ್ಟು ತಿಂದಂತಿತ್ತು. ನಿಂಗಪ್ಪ ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ, ಬಾಯಿಗೆ ನಾನೇನೂ ಕಡಿಮೆಯವಳಲ್ಲ. ಅವನು ಬೈಯಲಿಲ್ಲ. ಗದಗಿಗೆ ಬಂದಾಗಲೆಲ್ಲ ಅಂಗಡಿಯ ಮುಂದಿನ ಬೆಂಚಿನ ಮೇಲೆ ಉದ್ದ ತೋಳಿನ ಅಂಗಿ ಹಾಕಿ ಸುಮ್ಮನೆ ಕೂರುತ್ತಿದ್ದ. ಹೊಸಬರು ಬಂದು ಇಲ್ಲಿ ಕೆಲಸ ಹೇಗೆ ಎಂದು ಕೇಳಿದರೆ ತೋಳು ಮೇಲೇರಿಸಿ ತೋರಿಸುತ್ತಿದ್ದ.

"ಭಾರಿ ಆಗೈತಲ್ರಿ! ಯಾರು, ನಿಮ್ಮ ತಂದಿಯಾರೇನ್ರಿ?"

"ಅಲ್ರಿ. ನಮ್ಮವ್ವ."

ಬಂದವರು ಇನ್ನೊಂದಿನ ಬರ್ತೀವಿ ಎಂದು ಹೋಗಿಬಿಡುತ್ತಿದ್ದರು.

ಪಂಚಮಿ ಹತ್ತಿರ ಬರುತ್ತಿತ್ತು. ಕಪ್ಪನ್ನು ತೆಗೆಯಲಾಗದಿದ್ದರೆ ಅದರ ಪಕ್ಕ ಇನ್ನೂ ಕಪ್ಪು ಮಾಡಿದರೆ ಮೊದಲಿನದು ತಿಳಿಯಾಗಿ ಕಾಣುತ್ತದೆ ಎಂದರು ಮಾಸ್ತರು. ಶಾಸ್ತ್ರ ಸರಿಯಾದದ್ದೇ. ಗಂಗವ್ವನ ಕೆನ್ನೆ, ಗದ್ದಗಳ ನೆರಳು ಹೆಚ್ಚಿಸಿದೆ. ಮೀಸೆ ಒಂದಿಷ್ಟು ತಿಳಿಯಾಯಿತು, ಆದರೆ ಗಂಗವ್ವ ನಾಲ್ಕು ದಿನ ಕ್ಷೌರ ಮಾಡಿಸಿಕೊಳ್ಳದೆ ಇದ್ದಂತೆ ಕಂಡಳು. ನೋಡುವವರ ಕಣ್ಣು ಮೇಲಕ್ಕೆ ಹೋಗಲೆಂದು ತಲೆಯ ಮೇಲಿನ ಸೆರಗಿನ ಮಡಿಕೆಗಳಿಗೆ ಅಚ್ಚ ಕಪ್ಪು ಕೊಟ್ಟೆವು. ಸೆರಗು ಹೋಗಿ ಗಂಡಸರು ಸುತ್ತುವ ರುಮಾಲಾಯಿತು. ಒಂದೊಂದು ಉಪಾಯಕ್ಕೂ ಆ ಹೆಣ್ಣುಮಗಳು ಒಂದೊಂದು ಹೆಜ್ಜೆ ಗಂಡಸಾಗುತ್ತ ಹೋದಳು.

ಕಡೆಗೆ ಮಾಸ್ತರು, "ಇನ್ನ ಒಂದ ದಾರಿ. ಪೂರಾ ಕಪ್ಪ ಮಾಡಿ ಅದರ ಮ್ಯಾಲೆ ನವಲ ಮಾಡಿಬಿಡೂಣು," ಅಂದರು.

ನಿಂಗಪ್ಪ ಎದ್ದು ನಿಂತ. ಅವನ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ನಮ್ಮವ್ವನ ಮ್ಯಾಲೆ ನವಲ ಕುಂಡ್ರಸ್ತೀರಿ? ಮೀಸಿ ಇದ್ರೂ ಇರ್ಲಿ, ಆಕಿನ್ನ ಮುಚ್ಚಬ್ಯಾಡ್ರಿ. ಮಣ್ಣಾಗ ಒಂದ್ಸಲ ಮುಚ್ಚಿ ಬಂದೀನಿ."

ಅಂಗಿಯ ತೋಳು ಇಳಿಸಿಕೊಂಡು ಹೋಗಿಬಿಟ್ಟ. ನಾನು ಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತೆ. ಮುಖ ನೋಡಲು ಕಾದಿರುವ ಮುದುಕಿಗೆ ಅವನು ಏನು ತೋರಿಸುತ್ತಾನೆ? ನನ್ನ ತಾಯಿ ಹಾಕಿದ ಚೇಳು ಕೆಟ್ಟರೂ ಚೇಳೇ ಆಗಿರುತ್ತಿತ್ತು. ಈ ನೆರಳಿನ ಕೆಲಸಕ್ಕೆ ಯಾಕಾದರೂ ಕೈ ಹಾಕಿದೆನೋ ಅನ್ನಿಸಿತು.

ಪಂಚಮಿ ಮುಗಿದ ಮರುದಿನ ನಿಂಗಪ್ಪ ಅಂಗಡಿಗೆ ಬಂದ. ಜೊತೆಗೆ ಕೋಲೂರಿಕೊಂಡು ಒಬ್ಬ ಮುದುಕಿ, ಅವಳ ಕೈಯಲ್ಲಿ ಹಬ್ಬದ ಉಂಡಿಯ ಡಬ್ಬಿ. ಅವಳು ಶಾಂತವ್ವನೆಂದು ಹೇಳುವ ಮೊದಲೇ ತಿಳಿಯಿತು. ಮಾಸ್ತರು ಕೆಲಸವಿಲ್ಲದಿದ್ದರೂ ಗೋಡೆಗೆ ಮುಖ ಮಾಡಿದರು.

"ಬೇವಿನ ಗಿಡಕ್ಕ ಜೋಕಾಲಿ ಕಟ್ಟಾಕ ಕೈ ಎತ್ತಿದ," ಎಂದು ಶಾಂತವ್ವ ಶುರು ಮಾಡಿದಳು. "ಅಂಗಿ ಸರೀತು. ನೋಡೇ ನೋಡಿದ್ನಿ. ಇದನ್ನ ಮಾಡಿದಾಕಿ ನೀನೇನ?"

"ಹೌದ್ರಿ ಯವ್ವಾ. ತಪ್ಪಾಗೈತಿ."

"ನಮ್ಮಣ್ಣನ್ನ ನೀ ಎಲ್ಲಿ ನೋಡಿದ್ದಿ?"

"ಯಾರ್ನ್ರಿ?"

"ಚನ್ನಣ್ಣನ್ನ. ಇವರಪ್ಪನ್ನ. ಅವ ಹೋದಾಗ ಇವ ತೊಟ್ಟಲದಾಗಿದ್ದ. ಫೋಟೋ ತಗಸಿದ್ರ ಆಯುಷ್ಯ ಕಮ್ಮಿ ಆಕ್ಕೈತಿ ಅಂತ ಒಂದೂ ತಗಸ್ಲಿಲ್ಲ. ತಗಸ್ಲಾರ್ದನ ಕಮ್ಮಿ ಆತು." ಅವಳು ನಿಂಗಪ್ಪನ ಬಲತೋಳನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಮುಖದ ಹತ್ತಿರ ತಂದುಕೊಂಡಳು. "ಅವನ ಮೀಸಿ, ಅವನ ರುಮಾಲ. ಗಡ್ಡಾನೂ ಹಿಂಗ ಬಿಡ್ತಿದ್ದ. ಅಣ್ಣಾ, ಎಷ್ಟ ವರ್ಷಾತೋ ನಿನ್ನ ನೋಡಿ!"

ಆಮೇಲೆ ಅವಳೇ ಬಿಡಿಸಿ ಹೇಳಿದಳು. ಗಂಗವ್ವ ಬೇರೆ ಯಾರೂ ಅಲ್ಲ, ಈ ಅಣ್ಣ ಚನ್ನಪ್ಪನ ಸೋದರಮಾವನ ಮಗಳೇ. ಅವಳ ಅಪ್ಪನೂ ಅವನ ಅವ್ವನೂ ಒಡಹುಟ್ಟಿದವರು. ನಮ್ಮ ಕಡೆ ಮನೆಯ ಹೊಲ ಮನೆಯಲ್ಲೇ ಉಳಿಯಲೆಂದು ಹೀಗೆ ಲಗ್ನ ಮಾಡುತ್ತಾರೆ, ಮನೆಯ ಮೂಗೂ ಮನೆಯಲ್ಲೇ ಉಳಿಯುತ್ತದೆ. ಗಂಡಹೆಂಡಿರದು ಒಂದೇ ಮೂಗು, ಒಂದೇ ಹುಬ್ಬು, ಒಂದೇ ಗದ್ದ. ಇಬ್ಬರ ನಡುವೆ ಇದ್ದ ಅಂತರವನ್ನು ನನ್ನ ಎರಡನೇ ಬಟ್ಟಲು ಮುಚ್ಚಿಹಾಕಿತ್ತು.

"ಹುಬ್ಬಿನ ಮ್ಯಾಲೆ ಎತ್ತು ಕೋಡು ತಾಗಿಸಿದ ಕಲಿ ಇತ್ತು," ಅಂದಳು ಶಾಂತವ್ವ. "ಅದನ್ನೊಂದು ಹಾಕಿಬಿಡು."

"ಎಡಾನೋ ಬಲಾನೋ ಕೇಳು ರುದ್ರವ್ವಾ," ಅಂತು ಗೋಡೆಯ ಕಡೆಯ ದನಿ. ಮಾಸ್ತರಿಗೆ ಜೀವ ಬಂದಿತ್ತು.

ಕಲೆ ಹಾಕಿದ್ದಾಯಿತು. ನಿಂಗಪ್ಪ ಮಾತ್ರ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. "ಅತ್ತೀ, ಅಪ್ಪ ಸಿಕ್ಕ, ಖರೆ. ಚಲೋ ಆತು. ಆದ್ರ ಅವ್ವ ಎಲ್ಲಿ ಹೋದ್ಲು? ನಾ ನಿನಗ ತೋರಸ್ತೀನಿ ಅಂದಿದ್ದು ಆಕಿನ್ನ."

ನಾನು ಎದ್ದು ಕೈ ತೊಳೆದುಕೊಂಡು, "ಎಡತೋಳ ಕೊಡು. ಆ ಫೋಟೋನೂ ಕೊಡು," ಎಂದೆ.

ಈ ಸಲ ಝೆರಾಕ್ಸ್ ಮಾಡಿಸಲಿಲ್ಲ. ಭೂತಗನ್ನಡಿ ಹಿಡಿದು ನೇರಳೆ ಶಿಕ್ಕಾದ ಕೆಳಗಿನ ಗಂಗವ್ವನನ್ನು ಗೆರೆ ಗೆರೆಯಾಗಿ ಹುಡುಕಿ ಬರೆದುಕೊಂಡೆ. ಮಷೀನನ್ನೂ ಮುಟ್ಟಲಿಲ್ಲ. ಹೊಸ ಸೂಜಿ ಮೂರು ತೆಗೆದು ನನ್ನ ತಾಯಿಯ ಹಾಗೆ ದಾರದಲ್ಲಿ ಬಿಗಿದು, ಮೂರನೇ ಬಟ್ಟಲಿನ ತಿಳಿಯಲ್ಲಿ ಅದ್ದಿ, ಚುಕ್ಕಿ ಇಡುತ್ತ ಹೋದೆ. ನೆರಳು ಬೇಕಾದಲ್ಲಿ ಚುಕ್ಕಿ ಒತ್ತೊತ್ತಾಗಿ, ಬೆಳಕು ಬೇಕಾದಲ್ಲಿ ದೂರ ದೂರ. ಗೆರೆ ಹಾಕುವ ನನ್ನ ತಾಯಿಗೆ ನೆರಳು ಗೊತ್ತಿರಲಿಲ್ಲ ಎಂದುಕೊಂಡಿದ್ದೆ. ಅವಳ ಚುಕ್ಕಿಯೊಳಗೆ ಅದು ಮೊದಲಿನಿಂದ ಇತ್ತು, ಕೇಳಿದವರಿರಲಿಲ್ಲ ಅಷ್ಟೇ.

ಕೈಸೂಜಿಗೆ ಸದ್ದಿಲ್ಲ. ಮಾಸ್ತರು ಸ್ಟೂಲಿನ ಮೇಲೆ ಒದ್ದಾಡಿದರು. "ರುದ್ರವ್ವಾ, ಏನಾಕತ್ತೈತಿ? ಎತ್ತಿಯೋ ಇಳಿಸಿಯೋ? ಯಾರರೆ ಹೇಳ್ರಿ!" ಅವರಿಗೆ ಉತ್ತರ ಕೊಡಲು ನನಗೆ ಪುರುಸೊತ್ತಿರಲಿಲ್ಲ. ನಾನು ತುಟಿಯ ಮೇಲಿನ ಜಾಗಕ್ಕೆ ಬಂದಿದ್ದೆ. ಫೋಟೋದಲ್ಲಿ ಅಲ್ಲಿ ಇದ್ದದ್ದು ಶಿಕ್ಕಾ ಮಾತ್ರ.

"ಇಲ್ಲಿ ಏನಿತ್ತು ಯವ್ವಾ?" ಎಂದು ಶಾಂತವ್ವನನ್ನು ಕೇಳಿದೆ.

"ಏನೂ ಇರ್ಲಿಲ್ಲ. ಖಾಲಿ ಇತ್ತು. ಬಿಟ್ಬಿಡು."

ಬೆರಳಗಲದ ಆ ಜಾಗಕ್ಕೆ ಸೂಜಿಯನ್ನೇ ತಾಗಿಸಲಿಲ್ಲ. ಚುಚ್ಚದೆ ಇರಲು ಅಷ್ಟು ಧೈರ್ಯ ಬೇಕೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಒರೆಸಿದೆ. ಮಾಸ್ತರಿಗೆ ತಡೆಯಲಾಗದೆ ಅಷ್ಟು ವರ್ಷದಲ್ಲಿ ಮೊದಲ ಸಲ ಹಸಿ ಹಚ್ಚೆಯ ಕಡೆ ತಿರುಗಿದರು. ಗಂಗವ್ವನನ್ನು ನೋಡಿದರು. "ಸುಬಾನಲ್ಲಾ, ಹೆಣ್ಮಗಳ ಆಗ್ಯಾಳ," ಅಂದರು. ಆಮೇಲೆ ಮೊಣಕೈಯ ಹತ್ತಿರ ಇಳಿದಿದ್ದ ಒಂದು ಹನಿ ರಕ್ತ ಕಂಡು ಉಂಡಿಯ ಡಬ್ಬಿಯ ಮೇಲೆ ಬಿದ್ದರು.

ಅವರಿಗೆ ನೀರು ಚಿಮುಕಿಸಿ ಎಬ್ಬಿಸಿ ಕೂರಿಸುವವರೆಗೂ ಶಾಂತವ್ವ ಆ ತೋಳು ಬಿಟ್ಟು ಕದಲಲಿಲ್ಲ. ಗಂಗವ್ವನ ಗದ್ದದ ಹತ್ತಿರ ಬೆರಳು ತಂದು, ಮುಟ್ಟದೆ, ನೆಟಿಗೆ ಮುರಿದಳು. ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಆಮೇಲೆ ನಿಂಗಪ್ಪನನ್ನು ಎದುರಿಗೆ ನಿಲ್ಲಿಸಿ, ಎರಡೂ ತೋಳನ್ನು ಒಟ್ಟಿಗೆ ನೋಡಿ ನಗಲಾರಂಭಿಸಿದಳು.

ಏನೆಂದು ನಾನೂ ನೋಡಿದೆ. ಎರಡೂ ಒಂದೇ ಫೋಟೋದಿಂದ ಬಂದ ಮುಖಗಳು, ಎರಡೂ ಒಂದೇ ಕಡೆ ತಿರುಗಿದ್ದವು. ಬಲತೋಳಿನ ಚನ್ನಪ್ಪ ನೆಟ್ಟಗೆ ಹೆಂಡತಿಯನ್ನೇ ನೋಡುತ್ತಿದ್ದ. ಎಡತೋಳಿನ ಗಂಗವ್ವ ಗಂಡನಿಗೆ ಬೆನ್ನು ಕೊಟ್ಟು ಅಂಗಡಿಯ ಬಾಗಿಲ ಕಡೆ ನೋಡುತ್ತಿದ್ದಳು. ಇನ್ನೊಂದು ತಪ್ಪು!

"ಯವ್ವಾ, ಕಣ್ಣಿನ ಗುಡ್ಡಿ ಒಂಚೂರು ಈ ಕಡೆ ಸರಿಸಾಕ ಬರ್ತೈತಿ, ತಿದ್ದತೀನಿ," ಎಂದೆ.

"ತಿದ್ದಬ್ಯಾಡ," ಅಂದಳು ಶಾಂತವ್ವ. "ಹಿಂಗ ಇದ್ರು ಇಬ್ರೂ. ಅವ ಬದುಕಿರೂತನಾ ಆಕಿನ್ನ ನೋಡಿದ. ಆಕಿ ತವರಮನಿ ಬಸ್ಸ ಬಂತೇನಂತ ನೋಡಿದ್ಲು."

ಸವಿತಾ, ಮೀಸೆ ಬಲಗೈಗೆ. ಎಡಗೈಯ ತುಟಿಯ ಮೇಲೆ ಬೆರಳಗಲದ ಖಾಲಿ ಜಾಗ ಇದೆ. ಅಲ್ಲಿ ನಾನು ಏನೂ ಮಾಡಿಲ್ಲ. ನೀನೂ ಏನೂ ಮಾಡಬೇಡ.